‘ಅಥವಾ’ ತೆಗೆದು ‘ಮತ್ತು’ ಬರೆಸಿದವರು

ಗ್ರಾಹಕರ ಹಕ್ಕುಗಳ ಬಗ್ಗೆ ನಮ್ಮ ಶಾಸನಸಭೆಯಲ್ಲಿ ಮಾತನಾಡಿದವರು ಹಲವರಿದ್ದರೂ, ಅಂಗಡಿಯವರು ಕೊಡುವ ಅಂಗೈಯಗಲದ ಬಿಲ್ಲಿನ ಕಾಗದಕ್ಕೆ ಕಾನೂನಿನ ಘನತೆ ದೊರಕಿಸಲು ಇಪ್ಪತ್ತೆರಡು ವರ್ಷ ದುಡಿದವರು ಒಬ್ಬರೇ. ಸದನದಲ್ಲಿ ‘ಮಾನ್ಯ ಸದಸ್ಯೆ’ ಎಂದೂ ಮೊಗಸಾಲೆಯಲ್ಲಿ ‘ಬಿಲ್ಲಕ್ಕ’ ಎಂದೂ ಕರೆಸಿಕೊಂಡ ಅವರು ಈ ವರ್ಷ ಸ್ವಇಚ್ಛೆಯಿಂದ ರಾಜಕಾರಣದಿಂದ ನಿವೃತ್ತರಾಗುತ್ತಿದ್ದಾರೆ. ಬಿಲ್ಲಕ್ಕ ಎಂಬುದು ಹಂಗಿಸಲು ಇಟ್ಟ ಹೆಸರು. “ಬಿಲ್ಲೇನೋ ನನ್ನ ಹತ್ರ ಇದೆ, ಬಾಣ ಯಾರಾದ್ರೂ ಕೊಡಿ” ಎಂದು ಅವರೇ ನಕ್ಕುಬಿಟ್ಟ ಮೇಲೆ ಅದು ಅಕ್ಕರೆಯ ಹೆಸರಾಯಿತು. ಕರಡು ವಿಭಾಗದಲ್ಲಿದ್ದು ಅವರ ಮಸೂದೆಗಳನ್ನು ಬರೆದುಕೊಡುವ ಭಾಗ್ಯ ನನ್ನದಾಗಿತ್ತು.

ರಾಜಕೀಯಕ್ಕೆ ಬರುವ ಮುನ್ನ ಅವರು ಆಸ್ಪತ್ರೆಯೊಂದರ ಔಷಧಾಲಯದಲ್ಲಿದ್ದರು. ವೈದ್ಯರ ಕೈಬರಹ ಓದಿ ಓದಿಯೇ ತಮಗೆ ಕನ್ನಡಕ ಬಂತೆಂದು ಹೇಳುತ್ತಿದ್ದರು. ಓದಲಾಗದ ಕಾಗದವನ್ನು ಜನರ ಕೈಗೆ ಕೊಡಬಾರದೆಂಬ ಹಟ ಅಲ್ಲಿಂದಲೇ ಬಂದದ್ದಿರಬೇಕು.

ಅವರು ಗ್ರಾಹಕ ಹಿತರಕ್ಷಣಾ ಸಮಿತಿಯ ಅಧ್ಯಕ್ಷೆಯಾದ ಹೊಸತರಲ್ಲಿ, ಒಂದು ಸೋಮವಾರ, ಹೊಲಿಗೆ ಕೆಲಸದಿಂದ ನಿವೃತ್ತರಾದ ಹೆಂಗಸೊಬ್ಬರು ತಮ್ಮ ಯಜಮಾನರನ್ನು ಕರೆದುಕೊಂಡು ಬಂದರು. ಯಜಮಾನರಿಗೆ ಕೊಂಡ ಕಿವಿಯ ಯಂತ್ರ ಮೂರೇ ವಾರದಲ್ಲಿ ಕೆಟ್ಟಿತ್ತು. ಅಂಗಡಿಯವರು ಅದು ತಮ್ಮದಲ್ಲವೆಂದಿದ್ದರು. ಆಕೆಯ ಬಳಿ ಇದ್ದ ಚೀಟಿಯಲ್ಲಿ ‘ಸಾಮಾನು – ಒಂದು’ ಎಂದಷ್ಟೇ ಇತ್ತು.

“ಏನು ಹೇಳಿದ್ರೂ ಹೀಗೇ ನಗ್ತಾರಮ್ಮ. ಮೊಮ್ಮಗು ಮೊದಲನೇ ಸಲ ತಾತ ಅಂತು. ಇವರು ಗೋಡೆ ನೋಡ್ತಾ ಕೂತಿದ್ರು,” ಎಂದರು ಆಕೆ. ಆ ಹಿರಿಯರು ನಮ್ಮನ್ನು ನೋಡಿ ಆಗಲೂ ನಗುತ್ತಿದ್ದರು.

ಅಧ್ಯಕ್ಷೆ ಚೀಟಿಯನ್ನು ನನ್ನತ್ತ ಚಾಚಿದರು. “ಸಾಮಾನು ಒಂದು ಅಂದ್ರೆ ಆನೆನೂ ಆಗಬಹುದು, ಗುಂಡುಸೂಜಿನೂ ಆಗಬಹುದು. ಇದನ್ನ ಬಿಲ್ಲು ಅಂತಾರೇನ್ರೀ?”

ತಮ್ಮ ಹಳೆಯ ಆಸ್ಪತ್ರೆಯವರನ್ನು ಕಾಡಿ ಬೇಡಿ ಆ ಹಿರಿಯರಿಗೆ ಬೇರೊಂದು ಯಂತ್ರ ಕೊಡಿಸಿದರು. ಆದರೆ ಎಲ್ಲರಿಗೂ ಹೀಗೆ ಕಾಡಿ ಬೇಡಿ ಕೊಡಿಸಲಾಗದು ಎಂದು ಅದೇ ವಾರ ಮಸೂದೆಯ ಕೆಲಸಕ್ಕೆ ಕುಳಿತರು. ಪ್ರತಿ ಬಿಲ್ಲಿನಲ್ಲೂ ಮಾರಿದವರ ಹೆಸರು, ವಿಳಾಸ ಮತ್ತು ವಸ್ತುವಿನ ಗುರುತು ಸಂಖ್ಯೆ ಇರಬೇಕು, ಅದೂ ಓದಬಲ್ಲ ಅಕ್ಷರದಲ್ಲಿ ಎಂಬುದು ಅವರ ನಿಲುವು.

ವ್ಯಾಪಾರಿಗಳು ಸಿಡಿದೆದ್ದರು. ಕಬ್ಬಿಣದ ಸಾಮಾನಿನ ಅಂಗಡಿಯಿಟ್ಟಿದ್ದ ಅವರ ಸ್ವಂತ ತಮ್ಮನೇ ಕಚೇರಿಗೆ ಬಂದು, “ಅಕ್ಕಾ, ಒಂದೊಂದು ಮೊಳೆಗೂ ಬಿಲ್ಲು ಬರೀತಾ ಕೂತ್ರೆ ಮೊಳೆ ಮಾರೋದು ಯಾವಾಗ?” ಎಂದು ಕೂಗಾಡಿದರು. ಅಕ್ಕ ಶನಿವಾರ ತಮ್ಮನ ಅಂಗಡಿಗೆ ಹೋಗಿ, ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ತಾವೇ ಬಿಲ್ಲು ಬರೆದರು. ಮಧ್ಯಾಹ್ನದ ಹೊತ್ತಿಗೆ ಸಾಲು ಬೀದಿಗೆ ಬಂದಿತ್ತು. ಇಬ್ಬರು ಬೈದುಕೊಂಡು ಬೇರೆ ಅಂಗಡಿಗೆ ಹೋಗಿದ್ದರು.

ಸೋಮವಾರ ನನ್ನನ್ನು ಕರೆಸಿದರು. “ತಮ್ಮ ಹೇಳಿದ್ದು ನಿಜ ಕಣ್ರೀ. ಸಣ್ಣಪುಟ್ಟ ಸಾಮಾನಿಗೆ ಗಿರಾಕಿ ಕೇಳಿದ್ರೆ ಮಾತ್ರ ಬಿಲ್ಲು ಕೊಡಲಿ ಅಂತ ಬರೀರಿ. ಆದ್ರೆ ಕೇಳಿದ್ಮೇಲೆ ಇಲ್ಲ ಅನ್ನೋ ಹಾಗಿಲ್ಲ.”

ನಾನು ಇಷ್ಟು ವರ್ಷ ಅವರೊಬ್ಬರನ್ನು ಬಿಟ್ಟು ಯಾರಿಗೂ ಹೇಳದೆ ಉಳಿಸಿಕೊಂಡ ಸಂಗತಿ ಇಲ್ಲಿ ಬರುತ್ತದೆ. ಆ ತಿದ್ದುಪಡಿಗಾಗಿ ಕಲಮನ್ನು ಮತ್ತೆ ಬರೆಯುವಾಗ ‘ಹೆಸರು, ವಿಳಾಸ ಮತ್ತು ಗುರುತು ಸಂಖ್ಯೆ’ ಎಂದಿರಬೇಕಾದಲ್ಲಿ ನಾನು ‘ಮತ್ತು’ ಬದಲು ‘ಅಥವಾ’ ಎಂದು ಬರೆದೆ. ಅಂದರೆ ಮೂರರಲ್ಲಿ ಒಂದಿದ್ದರೂ ಸಾಕೆಂದಾಯಿತು. ಯಾರ ಕಣ್ಣಿಗೂ ಬೀಳಲಿಲ್ಲ, ಮಸೂದೆ ಅಂಗೀಕಾರವಾಯಿತು. ನಾಲ್ಕೇ ತಿಂಗಳಲ್ಲಿ ದೊಡ್ಡ ಮಾರಾಟಗಾರರು ತಮ್ಮ ಹೆಸರನ್ನಷ್ಟೇ ಅಚ್ಚುಹಾಕಿಸಿ, ಕೆಳಗೆ ಮತ್ತದೇ ‘ಸಾಮಾನು – ಒಂದು’ ಎಂದು ಬರೆದು ಕೊಡತೊಡಗಿದರು. ಕಾನೂನು ಅದನ್ನು ತಡೆಯುವಂತಿರಲಿಲ್ಲ. ತಮ್ಮನ ಅಂಗಡಿಗಾಗಿ ಅಕ್ಕ ಕಾನೂನನ್ನೇ ಸಡಿಲಗೊಳಿಸಿದರೆಂದು ಪತ್ರಿಕೆಗಳು ಬರೆದವು.

ನಾನು ರಾಜೀನಾಮೆ ಪತ್ರ ಹಿಡಿದು ಅವರ ಕೊಠಡಿಗೆ ಹೋದೆ. ಅವರು ಅದನ್ನು ಪೂರ್ತಿ ಓದಿದರು.

“ಇದರಲ್ಲಿ ಎರಡು ಕಾಗುಣಿತ ತಪ್ಪಿದೆ. ಇರಲಿ, ಕರಡಿನ ಪುಟಪುಟಕ್ಕೂ ರುಜು ಹಾಕಿದ್ದು ಯಾರು?”

“ತಾವು, ಮೇಡಂ.”

“ಹಾಗಾದ್ರೆ ತಪ್ಪು ನಂದೇ. ಹೆಂಡತಿಗೆ ದಿನ ತುಂಬಿದೆ ಅಂದಿದ್ರಲ್ಲ, ಮೊದಲು ಮನೆಗೆ ಹೋಗಿ.” ಪತ್ರವನ್ನು ಮಡಚಿ ನನ್ನ ಜೇಬಿಗೇ ತುರುಕಿದರು.

ಮರುದಿನ ಸದನದಲ್ಲಿ ಎದ್ದು ನಿಂತು, “ನಾನು ಸರಿಯಾಗಿ ಓದದೆ ರುಜು ಹಾಕಿದೆ. ಬೇರೆ ಯಾರನ್ನೂ ಕೇಳಬೇಡಿ” ಎಂದರು. ಅಧ್ಯಕ್ಷಗಿರಿ ಹೋಯಿತು. ಮುಂದಿನ ಚುನಾವಣೆಯಲ್ಲಿ ಸೋತರು. ಅಧಿಕಾರಿಗಳ ಗ್ಯಾಲರಿಯಲ್ಲಿ ಕುಳಿತು ಅವರ ಆಸನದಲ್ಲಿ ಬೇರೊಬ್ಬರನ್ನು ನೋಡಿದಾಗಲೆಲ್ಲ ನನ್ನ ‘ಅಥವಾ’ ನೆನಪಾಗುತ್ತಿತ್ತು. ಆದರೂ ಬಾಯಿ ಬಿಡುವ ಧೈರ್ಯ ನನಗೆ ಬರಲಿಲ್ಲ.

ಐದು ವರ್ಷ ಅವರು ಬೀದಿ ಬೀದಿ ಸುತ್ತಿ ‘ಸಾಮಾನು – ಒಂದು’ ಎಂಬಂಥ ಚೀಟಿಗಳನ್ನು ಕೂಡಿಹಾಕಿದರು. ಗೆದ್ದು ಮರಳಿದ ಮೊದಲ ಅಧಿವೇಶನದಲ್ಲೇ ನನಗೆ ಹೇಳಿಕಳಿಸಿದರು. ಬೇರೆಯವರಿಂದ ಬರೆಸಿ ಎಂದು ನಾನು ಹಿಂಜರಿದೆ. “ನೀವೇ ಬರೀಬೇಕು. ಇನ್ನೊಬ್ಬರ ಕೈಲಿ ಬರೆಸಲ್ಲ,” ಎಂದರು. ‘ಅಥವಾ ಎಂಬ ಪದದ ಬದಲು ಮತ್ತು ಎಂಬ ಪದವನ್ನು ಸೇರಿಸತಕ್ಕದ್ದು’ ಎಂಬ ಆ ಒಂದು ಸಾಲನ್ನು ನಾನು ಹದಿನಾಲ್ಕು ಸಲ ಓದಿ ನೋಡಿದೆ. ವಿರೋಧವಿಲ್ಲದೆ ಅದು ಅಂಗೀಕಾರವಾಯಿತು.

ಅವರ ಎಲ್ಲ ನಿಲುವುಗಳನ್ನೂ ನಾನು ಒಪ್ಪಿದವನಲ್ಲ. ಮೊಬೈಲಿಗೆ ಬರುವ ಬಿಲ್ಲನ್ನು ಅವರು ಅಗತ್ಯಕ್ಕಿಂತ ಹೆಚ್ಚು ಕಾಲ ವಿರೋಧಿಸಿದರು. ಸಭೆಗಳಲ್ಲಿ ನಮಗೆ ಊಟದ ಹೊತ್ತು ಎಂಬುದೇ ಇರಲಿಲ್ಲ. ಆದರೆ ಇನ್ನೊಬ್ಬರ ತಪ್ಪನ್ನು ಹೊತ್ತು, ಹೊತ್ತೆನೆಂದು ಒಮ್ಮೆಯೂ ತೋರಿಸಿಕೊಳ್ಳದ ಅಂಥ ಹಿರಿತನವನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಆ ‘ಅಥವಾ’ ನನ್ನದು. ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನಾ ಸಂಪುಟದಲ್ಲಾದರೂ ಅದು ನನ್ನ ಹೆಸರಿನಲ್ಲಿ ದಾಖಲಾಗಲಿ.

ಮುಂದಿನ ತಿಂಗಳಿಂದ ಅವರು ವಾರಕ್ಕೆರಡು ದಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಮೇಜು ಹಾಕಿಕೊಂಡು ಜನರಿಗೆ ದೂರು ಬರೆದುಕೊಡಲಿದ್ದಾರೆ. ನಾನೂ ಬರಬಹುದೇ ಎಂದು ಅಳುಕುತ್ತಲೇ ಕೇಳಿದೆ. “ಬನ್ನಿ, ಇನ್ನೊಂದು ಕುರ್ಚಿ ಹಾಕಿಸ್ತೀನಿ,” ಎಂದರು. ಆ ಮೇಜಿನ ಮುಂದೆ ನಿಲ್ಲುವವರ ಸಾಲು ವರ್ಷದಿಂದ ವರ್ಷಕ್ಕೆ ಕಿರಿದಾಗಲಿ, ಮೇಜಿನ ಹಿಂದೆ ಕುಳಿತವರ ಆಯುಷ್ಯ ಮಾತ್ರ ಬೆಳೆಯುತ್ತಲೇ ಹೋಗಲಿ ಎಂದು ಹಾರೈಸುತ್ತೇನೆ.