ಬ್ರೇಕಿನ ಪೆಡಲ್ ಒತ್ತಿದ ಕಾಲು

ಆ ಗಾಡಿಗೆ ಎಣ್ಣೆ ಬ್ರೇಕು ಕೂಡುವುದೇ ಇಲ್ಲ ಎಂದವನು ನನ್ನ ಸೋದರಮಾವ ಶಿವರಾಯ. ಅವನು ಶಹಾಬಾದಿನಲ್ಲಿ ಲಾರಿ ರಿಪೇರಿಯ ಮೇಸ್ತ್ರಿ. "ತಂತಿ ಬ್ರೇಕಿನ ಗಾಡಿ ಅದ ಇದು. ನೀ ಅಲ್ಲ, ನಿಮ್ಮ ಕಾಲೇಜಿನ ಮಾಸ್ತರ ಬಂದ್ರೂ ಆಗಂಗಿಲ್ಲ, ಅಳಿಯಾ," ಎಂದು ಓಣಿಗೆಲ್ಲ ಕೇಳುವಂತೆ ಹೇಳಿದ್ದ. ನಾನು ನಂಬಲಿಲ್ಲ. ದೆವ್ವ, ಶಕುನ, ಮಾಟ ಇಂಥ ಯಾವುದನ್ನೂ ಆಗ ನಾನು ನಂಬುತ್ತಿರಲಿಲ್ಲ. ನೆಲಕ್ಕೆ ಹಾಸುವ ಫರಸಿ ಕಲ್ಲು ಸೀಳುವವನ ಮಗ ನಾನು; ನಮ್ಮ ಮನೆತನದಲ್ಲಿ ಹೆಸರಿನ ಮುಂದೆ ಬಿ.ಇ. ಎಂದು ಬರೆದುಕೊಂಡ ಮೊದಲನೆಯವನು. ಕಂಡದ್ದನ್ನಷ್ಟೇ ನಂಬಿ ಇಷ್ಟು ದೂರ ಬಂದೆನೆಂಬ ಜಂಬ ನನಗಿತ್ತು. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಎಪ್ಪತ್ತರ ದಶಕದ ಮಾತು. ವಾಡಿಯಲ್ಲಿ ನನಗೆ ಹೊಸದಾಗಿ ಕೆಲಸ ಸಿಕ್ಕಿತ್ತು. ಗಾಡಿ ಎಂದೆನಲ್ಲ, ಅದು ಎರಡೇ ಸೀಟಿನ, ಓಟದ ಪಂದ್ಯಕ್ಕೆಂದು ಮಾಡಿದ ಹಳೆಯ ಇಂಗ್ಲಿಷ್ ಕಾರು. ಯಾವನೋ ಸಾಹೇಬ ಬಿಟ್ಟುಹೋಗಿದ್ದು ಬೇವಿನ ಮರದ ಕೆಳಗೆ ತುಕ್ಕು ಹಿಡಿಯುತ್ತಿತ್ತು. ಎತ್ತು ಕಟ್ಟಿ ನಮ್ಮ ಹಿತ್ತಲಿಗೆ ಎಳೆದು ತಂದೆ. ಎರಡೂ ಕಾರ್ಬ್ಯುರೇಟರ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದೆ. ನಮ್ಮ ಬಿಸಿಲಿಗೆ ನೀರು ಕುದಿಯುತ್ತಿದ್ದುದರಿಂದ ಜೀಪಿನ ರೇಡಿಯೇಟರ್ ಕೂಡಿಸಿದೆ. ಓಡುವುದೇನೋ ಓಡಿತು, ನಿಲ್ಲುವುದೇ ಕಷ್ಟ. ತಂತಿ ಎಳೆದ ಹಳೇ ಬ್ರೇಕು. ಗಾಡಿಗೆ ಪರವಾನಗಿ ಕೊಡುವ ಸರಕಾರಿ ಇನ್ಸ್‌ಪೆಕ್ಟರು ಎರಡು ಸಲ ಫೇಲು ಮಾಡಿ, "ಮೂರನೇ ಸಲಾನೂ ನಿಲ್ಲಲಿಲ್ಲಂದ್ರ ಗುಜರಿಗಿ ಹಾಕಿಬಿಡ್ರಿ, ನನ್ನ ಮುಂದ ತರಬ್ಯಾಡ್ರಿ," ಎಂದರು. ಆಗಲೇ ನಾನು ತಂತಿ ಕಿತ್ತು ಜೀಪಿನ ಎಣ್ಣೆ ಬ್ರೇಕು ಹೊಂದಿಸಲು ಕುಳಿತದ್ದು.

ಹೋದರೆ ಹೋಗಲಿ ಎನ್ನುವಂತಿರಲಿಲ್ಲ. ನನ್ನ ತಂಗಿ ಮಹಾದೇವಿ ಮೆಟ್ರಿಕ್ ಪಾಸಾಗಿ ಗುಲಬರ್ಗಾ ಕಾಲೇಜಿಗೆ ಹೋಗಲು ತುದಿಗಾಲಲ್ಲಿದ್ದಳು. ಮಾವ ಅಪ್ಪನ ಕಿವಿ ಊದಿದ: "ಇವಗ ಇಷ್ಟು ಓದಿ ಒಂದು ಗಾಡಿ ನಿಲ್ಲಸಲಿಕ್ಕ ಬರವಲ್ದು. ಆಕಿ ಓದಿ ಯಾವ ಗುಡ್ಡ ಕಡಿತಾಳ?" ಎರಡು ದಿನ ಬಿಟ್ಟು ಅಪ್ಪ ಹೇಳಿದ: "ಗಾಡಿ ಪಾಸಾದ್ರ ಕಾಲೇಜು. ಇಲ್ಲಂದ್ರ ನಾಲವಾರದ ಸಂಬಂಧ."

ಇನ್ಸ್‌ಪೆಕ್ಟರು ಶಹಾಬಾದಿಗೆ ಬರುವ ಹಿಂದಿನ ದಿನ. ಗಾಡಿ ಹೇಗೂ ಪಾಸಾಗದೆಂದು ಮಾವ ಗೊತ್ತುಮಾಡಿದಂತೆ, ಅವತ್ತೇ ಸಂಜೆಯ ರೈಲಿಗೆ ತಂಗಿಯನ್ನು ನಾಲವಾರಕ್ಕೆ ಕರೆದೊಯ್ದು ಮಠದಲ್ಲಿ ಗಂಡಿನ ಕಡೆಯವರಿಗೆ ತೋರಿಸುವುದಿತ್ತು. ನಾನು ಅಡ್ಡ ಬರಲಿಲ್ಲವೆಂದು ಅವಳಿಗೆ ಸಿಟ್ಟು. "ನನ್ನ ಕುಂದ್ರಸಿ ತೋರಸ್ತಾರ, ನೀ ನಟ್ಟು ಬೋಲ್ಟು ಎಣಸ್ಕೋತ ಕುಂದರು ಅಣ್ಣಾ," ಎಂದವಳು ಆಮೇಲೆ ಮಾತೇ ಬಿಟ್ಟಳು. "ಬ್ರೇಕಿನ ಎಣ್ಣಿ ತರ್ತೀನಿ. ಪೆಡಲ್ ಒತ್ತಲಿಕ್ಕ ನೀನೇ ಬೇಕು," ಎಂದು ಹೇಳಿ ಹೊರಗೆ ಹೋದೆ.

ಈ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಎಣ್ಣೆ ಬ್ರೇಕಿನ ಕೊಳವೆಯಲ್ಲಿ ಗಾಳಿ ಉಳಿದರೆ ಪೆಡಲ್ ಮೆತ್ತಗೆ ಕುಸಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಆ ಗಾಳಿ ತೆಗೆಯಲು ಒಬ್ಬರು ಸೀಟಿನಲ್ಲಿ ಕುಳಿತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ಗಾಲಿಯ ಹತ್ತಿರದ ತಿರುಪು ಸಡಿಲಿಸಬೇಕು. ಎಣ್ಣೆಯ ಜೊತೆ ಗುಳ್ಳೆ ಬಾಟಲಿಗೆ ಬಿದ್ದ ಮೇಲೆ ತಿರುಪು ಬಿಗಿದು, ಬಿಡು ಎಂದು ಕೂಗಬೇಕು. ನಮ್ಮಲ್ಲಿದ್ದ ಸಾಮಾನಿನಲ್ಲಿ ಅದು ಒಬ್ಬನಿಂದ ಆಗುವಂಥದ್ದಲ್ಲ.

ಎಣ್ಣೆ ತೆಗೆದುಕೊಂಡು ಹಿತ್ತಲ ಬಾಗಿಲಿನಿಂದ ಬಂದು, ಒಳಗಿನಿಂದ ಅಗಳಿ ಹಾಕಿದೆ. ಬಿಸಿಲಿಗೆಂದು ಗಾಡಿಯ ಕ್ಯಾನ್ವಾಸ್ ಹೊದಿಕೆ ಮುಚ್ಚಿತ್ತು, ಸೀಟು ಕಾಣುತ್ತಿರಲಿಲ್ಲ. ಕೆಳಗೆ ತೂರಿಕೊಂಡು, "ಕುಂತೀ ಏನ?" ಎಂದೆ. ಮಾತಿಲ್ಲ. ತಲೆಯ ಮೇಲಿನ ಹಲಗೆಗೆ ಹಿಮ್ಮಡಿ ಎರಡು ಸಲ ಬಡಿಯಿತು. ಸಿಟ್ಟು ಇಳಿದಿಲ್ಲ, ಇರಲಿ ಎಂದುಕೊಂಡೆ.

ಒತ್ತು ಎಂದರೆ ಪೆಡಲ್ ಇಳಿಯಿತು. ಬಿಡು ಎಂದರೆ ಏರಿತು. ನಾಲ್ಕೂ ಗಾಲಿ ಮುಗಿಯಲು ಎರಡು ತಾಸು ಹಿಡಿಯಿತು. ನಡುವೆ ಎಣ್ಣೆ ಸುರಿಯಲು ಎದ್ದಾಗಲೂ ಎತ್ತಿದ ಬಾನೆಟ್ಟು ಸೀಟಿಗೆ ಮರೆಯಾಗಿತ್ತು. "ನಾಳಿ ಪಾಸಾದ್ರ ನಿನ್ನ ಟ್ರಂಕ್ ಇದೇ ಗಾಡ್ಯಾಗ ಒಯ್ತೀನವಾ," ಎಂದೆ ಒಮ್ಮೆ. ಒತ್ತು ಎಂದು ನಾನು ಹೇಳುವ ಮೊದಲೇ ಪೆಡಲ್ ಇಳಿಯಿತು.

ಮುಗಿಸಿ ಎದ್ದು ಹೊದಿಕೆ ಸರಿಸಿದೆ. ಸೀಟಿನಲ್ಲಿ ಯಾರೂ ಇರಲಿಲ್ಲ.

ಅಗಳಿ ಹಾಕಿದಂತೆಯೇ ಇತ್ತು. ಮನೆಯ ಹಿಂಬಾಗಿಲು ಒಳಗಿನಿಂದ ಭದ್ರ. ಸುತ್ತಿ ಮುಂದೆ ಬಂದರೆ ಬೀಗ. ಪಕ್ಕದ ಮನೆಯಾಕೆ, ನಮಗೆಲ್ಲ ಕಾಕು, ಕಟ್ಟೆಯಿಂದಲೇ ಹೇಳಿದಳು: "ಹತ್ತರ ರೈಲಿಗೇ ಹೋದ್ರಲ್ಲೋ ತಮ್ಮಾ, ನಿಮ್ಮವ್ವ, ತಂಗಿ. ನಿಮ್ಮ ಮಾವ ಬಂದು ಭಾಳ ಅವಸರ ಮಾಡಿದ." ನಾನು ಗಾಡಿಯ ಕೆಳಗೆ ಹೋದಾಗಲೇ ಹನ್ನೊಂದು ದಾಟಿತ್ತು.

ಕುಳಿತಲ್ಲಿ ಕೂರಲಾಗಲಿಲ್ಲ. ಹೋಗಿ ಪೆಡಲ್ ಒತ್ತಿದೆ, ಬಂಡೆಯಂತೆ ಗಟ್ಟಿ. ಬಾಟಲಿಗೆ ಇಳಿದ ಎಣ್ಣೆಯಲ್ಲಿ ಕೊಳವೆಯಿಂದ ಹೊರಬಿದ್ದ ಗುಳ್ಳೆಗಳು ಇನ್ನೂ ಇದ್ದವು. ಮತ್ತೆ ಕಟ್ಟೆಗೆ ಹೋದೆ, ಮತ್ತೆ ಬಂದು ಒತ್ತಿದೆ. ಎಲ್ಲ ಬಿಚ್ಚಿ ಮೊದಲಿನಿಂದ ಮಾಡೋಣವೆಂದರೆ ಎಣ್ಣೆ ತೀರಿತ್ತು, ನಿಜ ಹೇಳಬೇಕೆಂದರೆ ಧೈರ್ಯವೂ ಇರಲಿಲ್ಲ. ರೈಲಿಳಿದು ಬಂದ ತಂಗಿಯನ್ನು ಕೇಳಿದರೆ, "ಹುಚ್ಚು ಹಿಡದದ ಏನ ನಿನಗ?" ಎಂದು ಅತ್ತಳು. ಬಿಸಿಲಿಗೆ ನನಗೆ ತಲೆ ತಿರುಗಿತ್ತೆನ್ನೋಣ. ಬ್ರೇಕಿಗೆ ತಲೆ ತಿರುಗುವುದಿಲ್ಲವಲ್ಲ. ಆಮೇಲೆ ಎಷ್ಟೋ ಗಾಡಿಗಳ ಬ್ರೇಕು ಮಾಡಿದ್ದೇನೆ. ತಾನಾಗಿ ಇಳಿದ ಇನ್ನೊಂದು ಪೆಡಲನ್ನು ಕಾಣಲಿಲ್ಲ, ಕಾರಣವೂ ಹೊಳೆಯಲಿಲ್ಲ.

ಮರುದಿನ ಶಹಾಬಾದಿನ ಬಯಲಿಗೆ ಆ ಬ್ರೇಕನ್ನೇ ನಂಬಿ ಒಬ್ಬನೇ ಓಡಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಪೆಡಲ್ ಒತ್ತಿ ಒತ್ತಿ ನೋಡಿದೆ. ಮಾವ ತಮಾಷೆ ನೋಡಲು ಬಂದು ನಿಂತಿದ್ದ. ಇನ್ಸ್‌ಪೆಕ್ಟರು ತಾವೇ ಓಡಿಸಿ, ಸುಣ್ಣದ ಗೆರೆಯ ಮೇಲೆ ಒತ್ತಿದರು. ಗಾಡಿ ಅಲ್ಲೇ ನಿಂತಿತು. ಮೂರು ಸಲ ನೋಡಿ, ಕಾಗದಕ್ಕೆ ಸಹಿ ಹಾಕಿ ನನ್ನ ಕೈಗೆ ಕೊಟ್ಟರು.

ಮಾವ ಬಗ್ಗಿ ಗಾಲಿಯ ಹಿಂದಿನ ತಿರುಪು ಮುಟ್ಟಿ ನೋಡಿ, "ಪೆಡಲ್ ಯಾರು ಒತ್ತಿದ್ರು?" ಎಂದ. ಗೊತ್ತಿಲ್ಲ ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಅವನು ನಗಲಿಲ್ಲ.

"ನಿನ್ನಿ ಮಧ್ಯಾಹ್ನ ನಾಲವಾರದಾಗ ಆ ಗಂಡಿನ ಮಂದಿ ಮುಂದ ಕುಂತು ನಿನ್ನ ತಂಗಿ ಬಲಗಾಲಿಲೆ ನೆಲ ಒತ್ತೋದು, ಬಿಡೋದು ಮಾಡ್ಲಿಕತ್ತಿದ್ಲು. ಸುಮ್ಮ ಕುಂದರು ಅಂತ ನಾನೇ ಬೈದೆ," ಎಂದ. "ನಡಿ, ನಿಮ್ಮಪ್ಪಗ ನಾನೇ ಹೇಳ್ತೀನಿ. ಕಾಲೇಜಿನಾಗ ಆಕಿ ಹೆಸರು ಬರಸು."