ಸಾವಿನ ಮನೆಯ ಸ್ಪೀಕರು

ಆಧುನಿಕ ನಾಗರಿಕತೆಯ ಮೇಲೆ ನನ್ನ ತಕರಾರುಗಳು ಬಹಳ ಇವೆ. ತಟ್ಟೆ ಹಿಡಿದು ನಿಂತು ಉಣ್ಣುವ ಬೀಗರೂಟ, ಬೆಳಗಾಗುವ ಮೊದಲೇ ಮೊಬೈಲಿಗೆ ಬಂದು ಬೀಳುವ ಗುಲಾಬಿ ಹೂಗಳು, ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ತಾನು ಹುಟ್ಟಿದ್ದಕ್ಕೆ ನಾಡಿಗೇ ಶುಭ ಕೋರುವ ಫ್ಲೆಕ್ಸಿನ ಯುವಕ. ಇವರನ್ನೆಲ್ಲ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದೇನೆ. ಅವರ್ಯಾರೂ ಕ್ಷಮೆ ಕೇಳಿಲ್ಲ ಎಂಬುದು ಬೇರೆ ಮಾತು. ಕ್ಷಮಿಸಲಾಗದೆ ಉಳಿದಿರುವುದು ಸಾವಿನ ಮನೆಯ ಸ್ಪೀಕರೊಂದೇ.

ಹೋದ ವರ್ಷ ಮಳವಳ್ಳಿಯಲ್ಲಿ ನಮ್ಮಕ್ಕ ತೀರಿಕೊಂಡಳು. ಹೊಳಲಿನಿಂದ ಸೋದರತ್ತೆಯನ್ನು ಕರೆದುಕೊಂಡು ಹೊರಟೆ. ನಮ್ಮವ್ವ ಬೇಗ ಹೋದ ಮೇಲೆ ಅಕ್ಕನನ್ನೂ ನನ್ನನ್ನೂ ಸಾಕಿದವಳು ಈ ಅತ್ತೆ. ನಮ್ಮ ಕಡೆ ಹೆಣ್ಣುಮಗಳು ಸತ್ತರೆ ತವರಿನಿಂದ ಸೀರೆ ಹೋಗಬೇಕು. ಸೀರೆಯ ಜೊತೆ ಅಳುವವಳೂ ಹೋಗಬೇಕು. ಅಳು ಎಂದರೆ ಬರೀ ಕಣ್ಣೀರಲ್ಲ. ಹೆಣದ ತಲೆದೆಸೆಯಲ್ಲಿ ಕೂತು, ಅವಳು ಯಾವುದಕ್ಕೆ ಹಟ ಮಾಡುತ್ತಿದ್ದಳು, ಏನು ಕಂಡರೆ ಆಸೆಪಡುತ್ತಿದ್ದಳು, ಕೊಟ್ಟ ಮನೆಯಲ್ಲಿ ಏನೇನು ನುಂಗಿಕೊಂಡಳು ಎಂದು ರಾಗವಾಗಿ ಹೇಳಿ ಮುಗಿಸುವುದು. ಒಬ್ಬ ಹೆಂಗಸಿನ ಬದುಕನ್ನು ಊರು ಪೂರ್ತಿ ಕೇಳಿಸಿಕೊಳ್ಳುತ್ತಿದ್ದದ್ದು ಅದೊಂದೇ ಸಲ.

ಬಸ್ಸಿನಲ್ಲಿ ಅತ್ತೆ ಸೀರೆಯ ಪೊಟ್ಟಣ ಮಡಿಲಲ್ಲಿಟ್ಟುಕೊಂಡಿದ್ದಳು.

"ಮದ್ವೆ ದಿನ ಮನೆ ಹಿಂದ್ಲ ಇತ್ಲಲ್ಲಿ ಕೂತ್ಕಂಡು ನಂಗೊಂದ್ ಮಾತು ಯೋಳಿದ್ಲು ಕಣ್ಲಾ. ನಿಮ್ಮಪ್ಪಂಗೂ ಗೊತ್ತಿಲ್ಲ. ಇವತ್ತು ಯೋಳ್ತೀನಿ."

"ಈಗ್ಲೇ ಯೋಳತ್ತೆ."

"ಲೇ, ಬಸ್ಸಲ್ಲಿ ಯೋಳೋ ಮಾತೇನ್ಲಾ ಅದು? ಅವ್ಳ ಮುಂದೆ ಯೋಳ್ಬೇಕು."

ಅಕ್ಕ ಗಾಜಿನ ಪೆಟ್ಟಿಗೆಯೊಳಗೆ ತಣ್ಣಗೆ ಮಲಗಿದ್ದಳು; ಬದುಕಿದ್ದಾಗ ಫ್ಯಾನಿನ ಗಾಳಿಯೂ ಆಗದವಳು. ಅತ್ತೆ ಕೂರಬೇಕಾದ ತಲೆದೆಸೆಯಲ್ಲಿ ಆಳೆತ್ತರದ ಸ್ಪೀಕರು ನಿಂತು ಒಂದೇ ಸಮನೆ ಓಂಕಾರ ಹೊರಡಿಸುತ್ತಿತ್ತು. ಸ್ಪೀಕರಿಗೆ ಗಂಟಲು ಕಟ್ಟುವುದಿಲ್ಲ, ಸತ್ತವರು ಯಾರೆಂದು ತಿಳಿದುಕೊಳ್ಳುವ ಕಷ್ಟವೂ ಇಲ್ಲ. ಎದುರಿಗೆ ಸ್ಟ್ಯಾಂಡಿನ ಮೇಲೊಂದು ಮೊಬೈಲು: ಬರಲಾಗದ ನೆಂಟರಿಗೆ ನೇರಪ್ರಸಾರ.

ಅತ್ತೆ ಗಾಜಿನ ಮೇಲೆ ಕೈಯಿಟ್ಟು, "ಅಯ್ಯೋ ನನ್ ಕಂದಾ..." ಎಂದು ರಾಗವೆತ್ತಿದಳು. ಅಕ್ಕನ ಮಗ ಬಗ್ಗಿದ. ಅತ್ತು ಅತ್ತು ಅವನ ಕಣ್ಣೂ ಊದಿತ್ತು.

"ಅಜ್ಜಿ, ವಸಿ ಮೆತ್ಗೆ. ಎಲ್ರೂ ನೋಡ್ತಾವ್ರೆ. ಅವ್ವುಂಗೆ ಸಾಂತಿ ಸಿಗ್ಲಿ."

ಸೋದರಮಾವನಿಗೆ ಉಳಿದಿರುವ ಅಧಿಕಾರವನ್ನೆಲ್ಲ ಒಟ್ಟುಮಾಡಿ ನಾನು, "ಒಂದ್ ಗಳಿಗೆ ಅದನ್ನ ನಿಲ್ಸಪ್ಪ," ಎಂದೆ.

"ಅವ್ವುನ್ನ ಎತ್ತೋಗಂಟ ನಿಲ್ಲಿಸ್ಬಾರ್ದಂತೆ ಮಾವ," ಎಂದ. ಆದರೂ ನನ್ನ ಮುಖ ನೋಡಿ ಸದ್ದು ಸ್ವಲ್ಪ ತಗ್ಗಿಸಿದ. ಅತ್ತೆ ಮತ್ತೆ ಬಾಯಿ ತೆರೆದಳು. ಓಂಕಾರದ ಶ್ರುತಿಯೇ ಬೇರೆ, ಅವಳ ರಾಗವೇ ಬೇರೆ. ಎಲ್ಲಿಂದ ಹಿಡಿಯಬೇಕೋ ತಿಳಿಯದೆ ತಡವರಿಸಿದಳು. ಅಷ್ಟರಲ್ಲಿ ಹೊರಗೆ ವ್ಯಾನು ಹಾರನ್ ಮಾಡಿತು. ತವರಿನ ಸೀರೆಯನ್ನು ಯಾರೋ ಇಸಿದುಕೊಂಡು ಹೊದಿಸಿದರು. ಎತ್ತಿದರು.

ವಾಪಸು ಬರುವಾಗ ಭಾರತೀನಗರದ ಹತ್ತಿರ ಕಬ್ಬಿನ ಗಾಡಿಗಳ ಹಿಂದೆ ಬಸ್ಸು ನಿಂತಿತು. ನಾನು ಮೆಲ್ಲಗೆ ಕೇಳಿದೆ:

"ಅತ್ತೆ, ಅಕ್ಕ ಅವತ್ತು ಏನಂದಿದ್ಲು?"

ಅವಳು ಕಿಟಕಿಯ ಕಡೆಯಿಂದ ತಿರುಗಲಿಲ್ಲ.

"ಅವ್ಳಿಗೇ ಕೇಳುಸ್ನಿಲ್ಲ. ಇನ್ ನಿಂಗ್ಯಾಕ್ಲಾ, ಬುಡು."

ಮಡಿಲು ಖಾಲಿಯಾಗಿತ್ತು. ಕೈಗಳು ಮಾತ್ರ ಇನ್ನೂ ಪೊಟ್ಟಣ ಹಿಡಿದ ಹಾಗೇ ಇದ್ದವು.