ತಿಪ್ಪೆಯಲ್ಲಿ ಸಿಕ್ಕ ಸೂಜಿಗಳು

ಕಳೆದ ವಾರ ಅಟ್ಟದಿಂದ ಹಳೆ ಪಾತ್ರೆ ಇಳಿಸುತ್ತಿದ್ದಾಗ ಒಂದು ಸ್ಟೀಲಿನ ಚೊಂಬು ಕೈಗೆ ಬಂತು. ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು ನಮ್ಮ ಮನೆಯವರದಲ್ಲ, ಪಕ್ಕದ ಮನೆಯ ದೊಡ್ಡವ್ವನದು. ರಕ್ತಸಂಬಂಧವೇನೂ ಇರಲಿಲ್ಲ, ಶಿಕಾರಿಪುರದ ನಮ್ಮ ಓಣಿಗೆಲ್ಲ ಆಕೆ ದೊಡ್ಡವ್ವ. ಎರಡು ಎಮ್ಮೆ ಕಟ್ಟಿಕೊಂಡು ಮನೆಮನೆಗೆ ಹಾಲು ಹಾಕುತ್ತಿದ್ದಳು.

ನಾನಾಗ ಗರಡಿಗೆ ಹೋಗುತ್ತಿದ್ದೆ. ಬೆಳಿಗ್ಗೆ ಸಾಮು ಮುಗಿಸಿ ಬರುವಷ್ಟರಲ್ಲಿ ಇದೇ ಚೊಂಬಿನ ತುಂಬ ನೊರೆಹಾಲು ಹಿಡಿದು ನಿಂತಿರುತ್ತಿದ್ದಳು. "ಗಟಗಟ ಕುಡಿ, ನೊರೆ ಆರಿಸ್ಬ್ಯಾಡ" ಎಂದು ಗದರುತ್ತಿದ್ದಳು. ಎರಡು ವರ್ಷ ಕುಡಿದೆ. ಮೈ ಬಂತು, ಗೆಲುವು ಬರಲಿಲ್ಲ. ಪ್ರತಿ ಸಲವೂ ನನಗಿಂತ ದಪ್ಪ ತೋಳಿನವನೊಬ್ಬ ನನ್ನ ಬೆನ್ನಿಗೆ ಮಣ್ಣು ಹತ್ತಿಸಿ ಹೋಗುತ್ತಿದ್ದ.

ಆಮೇಲೆ ಪರವೂರಿನ ಪೈಲ್ವಾನನೊಬ್ಬ ಒಳಗುಟ್ಟು ಹೇಳಿಕೊಟ್ಟ. ವಾರಕ್ಕೆರಡು ಇಂಜೆಕ್ಷನ್, ದಿನಾ ಮಾತ್ರೆ. ಬಚ್ಚಲ ಬಾಗಿಲು ಹಾಕಿಕೊಂಡು ತೊಡೆಗೆ ನಾನೇ ಚುಚ್ಚಿಕೊಳ್ಳುತ್ತಿದ್ದೆ. ಖಾಲಿ ಸಿರಿಂಜನ್ನು ಕಾಗದದಲ್ಲಿ ಸುತ್ತಿ, ಹಿತ್ತಲ ಮೋಟುಗೋಡೆಯಾಚೆ ದೊಡ್ಡವ್ವನ ತಿಪ್ಪೆಗೆ ಎಸೆಯುತ್ತಿದ್ದೆ. ಸಗಣಿಯಲ್ಲಿ ಯಾರು ಹುಡುಕುತ್ತಾರೆ? ನಾಲ್ಕೇ ತಿಂಗಳಲ್ಲಿ ಅಂಗಿಯ ತೋಳು ಹರಿಯುವ ಹಾಗೆ ಊದಿಕೊಂಡೆ.

ಸೊರಬದ ಕುಸ್ತಿಯಲ್ಲಿ ಬೆಳ್ಳಿ ಗದೆ ಗೆದ್ದು ಬಂದ ದಿನ ದೊಡ್ಡವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. "ಇವ ಗೆದ್ದಿದ್ದಲ್ರೀ, ನನ್ನ ಎಮ್ಮೆ ಗೆದ್ದೈತಿ!" ಎಂದು ಕುಣಿದಾಡಿದಳು. ನಾನೂ ಹಲ್ಲು ಕಿರಿದೆ. ಗರಡಿಯ ಹುಡುಗರೆಲ್ಲ ಹಾಲಿಗೆ ಆಕೆಯ ಬಾಗಿಲಿಗೇ ಬರತೊಡಗಿದರು.

ಮರುವರ್ಷ ನನಗೆ ಕಾಮಾಲೆ. ಶಿವಮೊಗ್ಗದ ಡಾಕ್ಟರು, "ಲಿವರ್ ಕೆಟ್ಟಿದೆ. ಏನೇನು ತಗೊಳ್ತಿದ್ದೆ?" ಎಂದು ಕೇಳಿದರು. ಪಕ್ಕದಲ್ಲಿ ನಮ್ಮವ್ವ ನಿಂತಿದ್ದಳು. "ಏನಿಲ್ಲ ಸರ್, ಹಾಲಷ್ಟೇ" ಎಂದೆ.

ಆ ಮಾತನ್ನು ಅವ್ವ ಓಣಿಗೆ ಒಯ್ದಳು. ಅದೇ ವಾರ ದೊಡ್ಡವ್ವನ ತಿಪ್ಪೆಯಿಂದ ಗೊಬ್ಬರ ಹೇರಲು ಬಂದವರಿಗೆ ಸಿರಿಂಜುಗಳು ಸಿಕ್ಕವು, ಒಂದಲ್ಲ, ಹಿಡಿಗಟ್ಟಲೆ. ಎಮ್ಮೆ ಹೆಚ್ಚು ಹಾಲು ಇಳಿಸಲಿ ಎಂದು ಇಂಜೆಕ್ಷನ್ ಚುಚ್ಚುವವರಿದ್ದಾರೆ ಅನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ಮುಗಿಯಿತಲ್ಲ! "ಸೂಜಿ ಹಾಲು ಕುಡಿಸಿ ಹುಡುಗನ್ನ ಕೆಡಿಸಿದ್ಲು" ಎಂದು ಊರು ತೀರ್ಪು ಕೊಟ್ಟಿತು.

ದೊಡ್ಡವ್ವ ನನ್ನ ಹಾಸಿಗೆಯ ಬಳಿ ಬಂದು ಕೂತಳು. "ಒಂದು ದಿನಾನೂ ನಾ ಎಮ್ಮೆಗೆ ಸೂಜಿ ಮುಟ್ಟಿಸಿಲ್ಲಪ್ಪಾ. ಅವು ಎಲ್ಲಿಂದ ಬಂದ್ವೋ, ನಿನಗೇನಾರ ಗೊತ್ತೈತೇನು?"

"ನಂಗೇನ್ ಗೊತ್ತು ದೊಡ್ಡವ್ವಾ" ಎಂದು ಗೋಡೆಯ ಕಡೆ ಹೊರಳಿದೆ. ಆಕೆ ನನ್ನ ಹೊದಿಕೆ ಸರಿಮಾಡಿ ಎದ್ದು ಹೋದಳು...

ಹಾಲು ಕೊಳ್ಳುವವರಿಲ್ಲದೆ ಎರಡೂ ಎಮ್ಮೆ ಮಾರಿದಳು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದ್ದು ನಾನು, ಉಂಡಿದ್ದು ಆಕೆ. ನಾನು ಗುಣವಾದೆ, ಕುಸ್ತಿ ಬಿಟ್ಟೆ, ಮೆಕ್ಕೆಜೋಳದ ಮಂಡಿಯಲ್ಲಿ ಕೆಲಸ ಹಿಡಿದೆ, ಮದುವೆಯಾಯಿತು. ನಾಳೆ ಹೇಳಿದರಾಯಿತು, ನಾಳೆ ಹೇಳಿದರಾಯಿತು ಅನ್ನುತ್ತಲೇ... ಹೋದ ವರ್ಷ ದೊಡ್ಡವ್ವ ತೀರಿಕೊಂಡಳು. ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಥೂ, ನನ್ನ ಜನ್ಮಕ್ಕಿಷ್ಟು!

ಚೊಂಬು ಸಿಕ್ಕ ಮೇಲೆ ತಡೆಯಲಾಗಲಿಲ್ಲ. ತೊಳೆದು ತೆಗೆದುಕೊಂಡು ಹೋಗಿ ಆಕೆಯ ಮಗನ ಮುಂದೆ ಎಲ್ಲ ಹೇಳಿದೆ. ಹೊಡೆದರೆ ಹೊಡೆಸಿಕೊಳ್ಳೋಣ ಅಂದುಕೊಂಡಿದ್ದೆ. ಅವನು ಚೊಂಬು ತಿರುಗಿಸಿ ತಾಯಿಯ ಹೆಸರು ನೋಡಿದ.

"ಅವ್ವಂಗೆ ಗೊತ್ತಿತ್ತಣ್ಣಾ. ಗೋಡೆ ಆಚೆ ನಿಮ್ಮ ಮನೆ ಬಿಟ್ರೆ ಇನ್ಯಾರದೈತಿ? ನಾ ಜಗಳಕ್ಕೆ ಹೊಂಟ್ರೆ ಅವಳೇ ತಡೆದ್ಲು. ಮೊದ್ಲು ಅವ ಹುಷಾರಾಗ್ಲಿ, ತಾನೇ ಬಂದು ಹೇಳ್ತಾನೆ ಅಂದ್ಲು. ಕಡೀತನಕ ಕಾದ್ಲು."

ಚೊಂಬನ್ನು ಅವನು ಇಟ್ಟುಕೊಳ್ಳಲಿಲ್ಲ. ಈಗ ನಮ್ಮ ಅಡುಗೆಮನೆಯಲ್ಲೇ ಇದೆ. ಓಣಿಯವರು ಓದಲಿ ಎಂದೇ ಇದನ್ನು ಬರೆದಿದ್ದೇನೆ: ದೊಡ್ಡವ್ವನ ಹಾಲು ಶುದ್ಧವಾಗಿತ್ತು. ಸೂಜಿಗಳು ನನ್ನವು. ಕೇಳಲು ಕಾದವಳು ಮಾತ್ರ ಈಗ ಇಲ್ಲ.